ಫ್ರಾನ್ಸಿನ ಬೋವೆ ಊರಲ್ಲಿರುವ ಮಗಳಿಗೆ

ಪುಟ್ಟೀ,

ಓದು ಅರ್ಧಕ್ಕೆ ಬಿಡ್ತೀನಿ ಅಂತ ನೀನು ಫೋನಿನಲ್ಲಿ ಹೇಳಿ ಇವತ್ತಿಗೆ ಒಂಬತ್ತು ದಿನ. ನಾನು ಏನಂದೆ ಅನ್ನೋದು ಇಬ್ಬರಿಗೂ ನೆನಪಿದೆ. ಮತ್ತೆ ಬರೆಯಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನೀನು ಹೋದ ಹೊಸದರಲ್ಲಿ ಕಳಿಸಿದ್ದ ಅಲ್ಲಿನ ಕೆಥೆಡ್ರಲ್, ಆ ದೊಡ್ಡ ಚರ್ಚಿನ ಫೋಟೋ ತೆಗೆದೆ. ಆಗ ಸುಮ್ನೆ ಚೆನ್ನಾಗಿದೆ ಅಂದಿದ್ದೆ. ಈ ಸಲ ಮೇಸ್ತ್ರಿ ಕಣ್ಣಲ್ಲಿ ನೋಡಿದೆ. ಜನ ಕೂರುವ ಮುಂದಿನ ಉದ್ದನೆಯ ಹಜಾರವೇ ಇಲ್ಲವಲ್ಲೇ ಅದಕ್ಕೆ! ಆಮೇಲೆ ಹುಡುಕಿ ಹುಡುಕಿ ಓದಿದೆ.

ಶುರು ಮಾಡಿದ್ದು 1225ರಲ್ಲಿ. ಕಮಾನಿನ ಛಾವಣಿ ನೆಲದಿಂದ ಸುಮಾರು 48 ಮೀಟರ್. ಗೋಥಿಕ್ ಅಂತಾರಲ್ಲ, ಆ ಚೂಪು ಕಮಾನಿನ ಹಳೇ ಶೈಲಿಯ ಕೆಥೆಡ್ರಲ್‌ಗಳಲ್ಲೇ ಅಷ್ಟು ಎತ್ತರದ ಕಮಾನು ಛಾವಣಿ ಬೇರೆ ಇಲ್ಲ. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ಯಾಕೆ ಅಂತ ಓದಿದವರು ಇನ್ನೂ ವಾದ ಮಾಡ್ತಾರೆ. ಕಂಬಗಳ ನಡುವೆ ಹೊಸ ಕಂಬ ಕೊಟ್ಟು ಮತ್ತೆ ಏರಿಸಿದರು. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಆದರೆ ಮುಂದಿನ ಹಜಾರ ಕಟ್ಟೋ ಮೊದಲೇ ನಡುವೆ 153 ಮೀಟರಿನ ಗೋಪುರ ಎಬ್ಬಿಸಿದರು. 1569ರಲ್ಲಿ ಮುಗೀತು. ಹಜಾರ ಬರಬೇಕಿದ್ದ ಪಶ್ಚಿಮದ ಕಡೆಯಿಂದ ಒತ್ತು ಕೊಡೋಕೆ ಏನೂ ಇಲ್ಲ. ನಾಲ್ಕೇ ವರ್ಷ. 1573ರ ಏಪ್ರಿಲ್ 30, ಏಸುವಿನ ಸ್ವರ್ಗಾರೋಹಣದ ಹಬ್ಬ. ಜನ ಮೆರವಣಿಗೆಗೆ ಅಂತ ಹೊರಗೆ ಹೋಗಿದ್ದರು. ಗೋಪುರ ಬಿತ್ತು.

ಜನ ಹೊರಗೆ ಹೋಗಿದ್ದರು ಅನ್ನೋ ಸಾಲಿನ ಹತ್ತಿರವೇ ನಿಂತುಬಿಟ್ಟೆ ಪುಟ್ಟೀ.

ನಿನಗಾಗ ಆರು ವರ್ಷ. ನಾನು ಕಟ್ಟುತ್ತಿದ್ದ ಮನೆಯವರಿಗೆ ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ಛಾವಣಿಗೆ ಮೋಲ್ಡ್ ಹಾಕಿ ಎಂಟನೇ ದಿನಕ್ಕೆ, ಅದು ಪೂರ್ತಿ ಗಟ್ಟಿಯಾಗೋ ಮೊದಲೇ, ಕೆಳಗಿನ ಆಸರೆ ಸೆಂಟ್ರಿಂಗ್ ಬಿಚ್ಚಿಸಿದೆ. ನೀನು ಬುತ್ತಿ ತಂದು ಒಳಗೆ ಮರಳಿನ ಗುಡ್ಡೆ ಮೇಲೆ ಆಡ್ತಿದ್ದೆ. ಮಾವಿನಕಾಯಿ ಕೊಡ್ತೀನಿ ಬಾ ಅಂತ ಕರೆದೆ. ಏನೋ ಅನಿಸಿ ಕರೆದದ್ದಲ್ಲ, ಕೈಯಲ್ಲಿ ಕಾಯಿ ಇತ್ತು ಅಷ್ಟೇ. ನೀನು ಹೊಸ್ತಿಲು ದಾಟಿದೆ. ಹಿಂದೆ ಮೂಲೆ ಬಿತ್ತು. ನಿನ್ನ ಜಡೆ ತುಂಬ ಸಿಮೆಂಟ್ ಧೂಳು. ಆಮೇಲೂ ನೀನು ಕಾಯಿ ಕೇಳಿದೆ. ಸಿಮೆಂಟ್ ಸರಿ ಇರಲಿಲ್ಲ ಅಂತ ಅಮ್ಮನಿಗೆ ಹೇಳಿದೆ. ಎಲ್ಲರಿಗೂ ಹಾಗೇ ಹೇಳಿದೆ. ಸಿಮೆಂಟ್ ಚೆನ್ನಾಗೇ ಇತ್ತು. ಈಗಲೂ ಕೆಲವು ರಾತ್ರಿ ಕಾಯಿ ಕೈಯಲ್ಲಿರಲ್ಲ, ನಿನ್ನನ್ನು ಕರೆಯೋಕೆ ಆಗಲ್ಲ.

ಅದಕ್ಕೇ ಹೇಳ್ತೀನಿ, ಅವಸರ ಮಾಡಬೇಡ. ಬಿಡೋದಾದರೆ ವೀಸಾ, ಫೀಸು ಎಲ್ಲ ವಿಚಾರಿಸಿಕೊಂಡು ಬಿಡು. ಗೈಡ್ ಹತ್ತಿರ ಜಗಳ ಮಾಡಿಕೊಂಡು ಬರಬೇಡ. ರಾತ್ರಿ ಬರೀ ಬ್ರೆಡ್ ತಿಂದು ಮಲಗಬೇಡ. ನೋಡು, ಬೈಯಲ್ಲ ಅಂತ ಕೂತವನು ಎಲ್ಲಿಗೆ ಬಂದೆ.

ಬೀದಿಯವರೆಲ್ಲ ನನ್ನನ್ನು ಈಗ ಫ್ರಾನ್ಸ್ ಹುಡುಗಿ ಅಪ್ಪ ಅಂತಾನೇ ಕರೆಯೋದು. ಅದು ಹೋಗುತ್ತಲ್ಲ ಅಂತಲೂ ಆ ದಿನ ಸಿಟ್ಟು ಬಂದಿತ್ತು. ಸುಳ್ಳು ಹೇಳಲ್ಲ. ತಪ್ಪಾಯ್ತು.

ಗೋಪುರವನ್ನು ಮತ್ತೆ ಕಟ್ಟಲಿಲ್ಲವಂತೆ. ಮುಂದಿನ ಹಜಾರ ಬರಬೇಕಿದ್ದ ಜಾಗದಲ್ಲಿ ಸಾವಿರ ವರ್ಷದ ಹಳೇ ಪುಟ್ಟ ಚರ್ಚ್ ಹಾಗೇ ಉಳಿದಿದೆ. 1940ರಲ್ಲಿ ಬಾಂಬ್ ಬಿದ್ದು ಸುತ್ತಲಿನ ಹಳೇ ಊರು ಸುಟ್ಟುಹೋದರೂ ಕೆಥೆಡ್ರಲ್ ನಿಂತಿತು. 1990ರ ದಶಕದಲ್ಲಿ ಒಳಗೆ ಮರ, ಉಕ್ಕಿನ ಆಸರೆ ಕೊಟ್ಟರಂತೆ. ಭಾನುವಾರ ಹೋದರೆ ಅದರದೊಂದು ಫೋಟೋ ಕಳಿಸು. ಬುಡ ಕಾಣೋ ಹಾಗೆ ತೆಗಿ. ಹೇಗೆ ಕೂರಿಸಿದ್ದಾರೆ ನೋಡಬೇಕು.

ಅಪ್ಪ