ಬಾಣ ಹಗುರ ಮಾಡುವ ಮೊದಲು

ಸಾಗರ
ಆರಿದ್ರಾ ಮಳೆ, ಭಾನುವಾರ

ಚಿ. ಮೇಘನಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಿನ್ನ ಕಾಗದ ತಲುಪಿತು. ಟ್ರಿಗರ್ ಒತ್ತಿ ಹೊಡೆಯುವ ನಿನ್ನ ಅಡ್ಡಬಿಲ್ಲಿಗೆ, ಆ ಕ್ರಾಸ್‌ಬೋಗೆ, ಈಗಿರುವ 400 ಗ್ರೇನಿನ (ಗ್ರೇನ್ ಅಂದರೆ ಬಾಣ ತೂಗುವ ಸಣ್ಣ ಅಳತೆ) ಬಾಣ ಬಿಟ್ಟು 350 ಗ್ರೇನಿನದು ತರಿಸುತ್ತೇನೆ, ವೇಗ ಹೆಚ್ಚಿದರೆ ಗುರಿಯೂ ಕೂಡಿ ಬರುತ್ತದೆ ಎಂದು ಬರೆದಿದ್ದೀಯ. ತರಿಸಬೇಡ ಕೂಸೇ. ಯಾಕೆ ಬೇಡ ಅನ್ನುವುದನ್ನು ಲೆಕ್ಕ ಸಮೇತ ಬರೆಯುತ್ತೇನೆ, ಪೆನ್ಸಿಲ್ ಹಿಡಿದುಕೊಂಡು ಓದು.

ಮೊದಲು ಬಿಲ್ಲಿನ ಆಯುಷ್ಯದ ಮಾತು. ಹೆದೆ ಎಳೆದು ಸಿಕ್ಕಿಸಿದಾಗ ಬಿಲ್ಲಿನ ಬಾಗುವ ತೋಳುಗಳಾದ ಲಿಂಬ್‌ಗಳಲ್ಲಿ ತುಂಬಿಕೊಂಡ ಶಕ್ತಿಯ ಬಹುಪಾಲನ್ನು ಬಾಣ ಹೊತ್ತುಕೊಂಡು ಹೋಗಬೇಕು. ಬಾಣ ಹಗುರವಾದಷ್ಟೂ ಅದು ಒಯ್ಯುವ ಪಾಲು ಕಡಿಮೆ. ಉಳಿದದ್ದು ಹೆದೆ, ಕೇಬಲ್, ತುದಿಯ ಗಾಲಿಗಳಾದ ಕ್ಯಾಮ್, ಲಿಂಬ್‌ಗಳ ಮೇಲೇ ಬಡಿಯುತ್ತದೆ. ಬಾಣವೇ ಇಲ್ಲದೆ ಟ್ರಿಗರ್ ಒತ್ತಿದರೆ ಬಿಲ್ಲು ಸೀಳುತ್ತದಲ್ಲ, ತೀರಾ ಹಗುರ ಬಾಣ ಅದೇ ದಾರಿಯ ಅರ್ಧದಲ್ಲಿರುತ್ತದೆ. ಹೊಡೆದಾಗ ಸದ್ದು ಗಡುಸಾಗುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ, ಹೆದೆಯ ನಡುವೆ ಸುತ್ತಿದ ಸರ್ವಿಂಗ್ ದಾರ ಬಿಚ್ಚಿಕೊಳ್ಳುತ್ತದೆ, ಕಡೆಗೆ ಲಿಂಬಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೆದೆ ಏರಿಸದೆ ಇರುವಾಗ ಲಿಂಬಿನ ಮೇಲೆ ಹತ್ತಿಯ ಚೂರನ್ನು ಮೆಲ್ಲಗೆ ಸವರು. ಎಳೆ ಸಿಕ್ಕಿಕೊಂಡ ಕಡೆ ಸೀಳು ಹುಟ್ಟಿದೆ ಎಂದು ತಿಳಿ, ಮತ್ತೆ ಹೆದೆ ಏರಿಸಬೇಡ.

ಬಿಲ್ಲಿನ ಜೊತೆ ಬಂದ ಪುಸ್ತಿಕೆಯಲ್ಲಿ ಬಾಣದ ಕನಿಷ್ಠ ತೂಕ ಬರೆದಿರುತ್ತದೆ. ಅದು ಮೊನೆ, ಗರಿ, ನಾಕ್ (ಹೆದೆ ತಾಗುವ ಹಿಂದಿನ ತುಣುಕು) ಎಲ್ಲ ಸೇರಿದ ತೂಕ. ಅದಕ್ಕಿಂತ ಒಂದು ಗ್ರೇನ್ ಕೂಡ ಕೆಳಗಿಳಿಯಬಾರದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿದ ವೇಗವನ್ನು ಸಾಮಾನ್ಯವಾಗಿ ಇಂಥ ಕನಿಷ್ಠ ತೂಕದ ಬಾಣದಲ್ಲೇ ಅಳೆದಿರುತ್ತಾರೆ. ಆ ಅಂಕೆಯನ್ನು ಬೆನ್ನಟ್ಟುವುದು ಬೇಡ.

ಈಗ ಲೆಕ್ಕ. ನಿನ್ನ 400 ಗ್ರೇನಿನ ಬಾಣ, ಅಂದರೆ ಸುಮಾರು 26 ಗ್ರಾಂ, ಸೆಕೆಂಡಿಗೆ 350 ಅಡಿ ಹೋಗುತ್ತದೆ ಅಂದುಕೊ. ಬಿಲ್ಲು ಅಷ್ಟೇ ಶಕ್ತಿ ಕೊಟ್ಟರೆ 350 ಗ್ರೇನಿನದು 374 ಅಡಿ ಹೋದೀತು. ನಿಜದಲ್ಲಿ ಅಷ್ಟೂ ಸಿಗುವುದಿಲ್ಲ, ಹಗುರ ಬಾಣಕ್ಕೆ ಸಿಗುವ ಪಾಲೇ ಕಡಿಮೆಯಾಗುತ್ತದೆ ಎಂದೆನಲ್ಲ. ಇರಲಿ, 374 ಎಂದೇ ಇಟ್ಟುಕೊಳ್ಳೋಣ. ಗಾಳಿಯ ತಡೆ ಬಿಟ್ಟು ನೋಡಿದರೆ 30 ಮೀಟರ್ ಹೋಗುವಷ್ಟರಲ್ಲಿ 400ರ ಬಾಣ 39 ಸೆಂ.ಮೀ. ಕೆಳಗಿಳಿಯುತ್ತದೆ, 350ರದು 34. ಐದು ಸೆಂ.ಮೀ. ಲಾಭ ಎಂದು ಹಿಗ್ಗಬೇಡ. ನೀನು ಗುರಿ ನೋಡುವ ಸೈಟನ್ನು 20 ಮೀಟರಿಗೆ ಕೂರಿಸಿ 30ಕ್ಕೆ ಹೊಡೆದರೆ ಒಂದು 12.9 ಸೆಂ.ಮೀ. ಕೆಳಗೆ, ಇನ್ನೊಂದು 11.3. ವ್ಯತ್ಯಾಸ 1.6 ಸೆಂ.ಮೀ., ನಿನ್ನ ಹೆಬ್ಬೆರಳ ಉಗುರಿನಗಲ. ಅಷ್ಟಕ್ಕಾಗಿ ಬಿಲ್ಲನ್ನು ಒತ್ತೆ ಇಡುತ್ತೀಯಾ? ಇಷ್ಟಕ್ಕೂ ಆ ಇಳಿತ ಪ್ರತಿ ಸಲ ಒಂದೇ ಆಗಿರುವುದರಿಂದ ಸೈಟ್ ತಿರುಗಿಸಿದರೆ ಮುಗಿಯಿತು.

ವೇಗದಿಂದ ನಿಜವಾಗಿ ಉಪಯೋಗವಾಗುವುದು ದೂರ ಗೊತ್ತಿಲ್ಲದಾಗ. 30 ಮೀಟರಿಗೆ ಸೈಟ್ ಕೂರಿಸಿ, ಗುರಿ 31ರಲ್ಲಿದ್ದರೆ ನಿನ್ನ ಈಗಿನ ಬಾಣ 1.3 ಸೆಂ.ಮೀ. ಕೆಳಗೆ ಬೀಳುತ್ತದೆ. ಆದರೆ ನಿನಗೆ ದೂರ ಗೊತ್ತಿದೆ. ಫೀಲ್ಡ್ ಕ್ರಾಸ್‌ಬೋ ಸ್ಪರ್ಧೆಯಲ್ಲೂ 65, 50, 35 ಮೀಟರ್ ಎಂದು ಗೊತ್ತುಮಾಡಿಯೇ ಇರುತ್ತಾರೆ. ಅಡಿಕೆ ಮರದ ಸಾಲು ಎಣಿಸಿ ದೂರ ಹಾಕುವುದನ್ನು ಮಾತ್ರ ಬಿಡು. ಒಂಬತ್ತು ಅಡಿಯ ಹನ್ನೊಂದು ಅಂತರ ಎಣಿಸಿದರೆ 30 ಮೀಟರಿನ ಹತ್ತಿರ ಬರುತ್ತದೆ, ನಿಜ. ಆದರೆ ನಡುವೆ ಸತ್ತ ಮರದ ಜಾಗಕ್ಕೆ ನೆಟ್ಟ ಸಸಿ ಯಾವುದೂ ಸಾಲಿಗೆ ಸರಿಯಾಗಿ ಇರುವುದಿಲ್ಲ. ಟೇಪ್ ಹಿಡಿ.

ಏನಾದರೂ ಬದಲಿಸಲೇಬೇಕು ಅನ್ನಿಸಿದರೆ ಮೊನೆ ಬದಲಿಸು. ಮೊದಲು ಬಾಣದ ತೂಕದ ನಡು ಎಲ್ಲಿದೆ ಎಂದು ನೋಡಬೇಕು. ನಾಕಿನ ಹಿಂತುದಿಯಿಂದ ಕಡ್ಡಿಯ ಮುಂದಿನ ಬಾಯಿಯವರೆಗೆ ಅಳೆ, ಮೊನೆ ಸೇರಿಸಬೇಡ. ನಿನ್ನದು 20 ಇಂಚು. ಮೊನೆಯನ್ನು ತಿರುಪಿ ಕೂರಿಸಿಯೇ ಬಾಣವನ್ನು ಚಾಕುವಿನ ಬೆನ್ನ ಮೇಲೆ ಅಡ್ಡ ಇಟ್ಟು ತೂಗಿಸು, ನಿಲ್ಲುವ ಜಾಗಕ್ಕೆ ಪೆನ್ನಿನ ಗುರುತು ಹಾಕು. ನಾಕಿನ ಹಿಂತುದಿಯಿಂದ ಆ ಗುರುತಿಗೆ 12.6 ಇಂಚು ಬಂತು ಅನ್ನು. ಅರ್ಧ ಉದ್ದ 10 ಕಳೆದರೆ 2.6, ಅದನ್ನು 20ರಿಂದ ಭಾಗಿಸಿದರೆ ನೂರಕ್ಕೆ 13, ತೂಕದ ನಡು ಬಾಣದ ಅರ್ಧಕ್ಕಿಂತ ಅಷ್ಟು ಮುಂದಿದೆ ಎಂದರ್ಥ. ಕ್ರಾಸ್‌ಬೋ ಬಾಣಕ್ಕೆ 10ರಿಂದ 15 ಒಳ್ಳೆಯದು. ಮುಂದೆ ಭಾರವಿದ್ದರೆ ಹಿಂದಿನ ಗರಿ ಬೇಗ ಬಾಣವನ್ನು ನೇರ ಮಾಡುತ್ತದೆ, ಅದಿಲ್ಲದಿದ್ದರೆ ಬಾಲ ಅಲ್ಲಾಡಿಸುತ್ತ ಹೋಗುತ್ತದೆ. 100 ಗ್ರೇನಿನ ಮೊನೆ ತೆಗೆದು 125ರದು ಹಾಕಿದರೆ ಒಟ್ಟು ತೂಕ 425, ವೇಗ ಸುಮಾರು 340 ಅಡಿ, ತೂಕದ ನಡು 13ರಿಂದ 15ಕ್ಕೆ ಸರಿಯುತ್ತದೆ. ಬಿಲ್ಲಿನ ಸದ್ದೂ ತಗ್ಗುತ್ತದೆ. ನನ್ನ ಮನಸ್ಸು ಈ ಕಡೆಗೇ. ಇನ್ನೂ ಭಾರದ ಮೊನೆ ಹಾಕುವುದಾದರೆ ಕಡ್ಡಿಯೂ ಗಡುಸಾಗಬೇಕು, ಇಲ್ಲವಾದರೆ ಹೊರಡುವಾಗಲೇ ಹೆಚ್ಚು ಬಾಗುತ್ತದೆ. ಅದು ಸದ್ಯಕ್ಕೆ ಬೇಡ.

ಗುರಿ ಕೂಡಿ ಬರುವುದು ಆರೂ ಬಾಣ ಒಂದೇ ತೆರನಾಗಿ ಇದ್ದಾಗ. ಚಿನ್ನ ಬೆಳ್ಳಿ ಅಂಗಡಿಯ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ, ಗರಿಯ ಬುಡದಲ್ಲಿ ನಂಬರ್ ಬರೆ. ಒಂದು ಗ್ರಾಮಿಗೆ 15.4 ಗ್ರೇನ್. ಅಕ್ಕಸಾಲಿಗರ ಹಳೆಯ ಗುಲಗಂಜಿ ಒಂದು ಎರಡು ಗ್ರೇನಿಗೆ ಸ್ವಲ್ಪ ಕಡಿಮೆ, ಆರರ ನಡುವೆ ಅಷ್ಟು ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. 10 ಗ್ರೇನ್ ಹೆಚ್ಚುಕಡಿಮೆಯಾದರೆ 30 ಮೀಟರಲ್ಲಿ ಮೇಲೆ ಕೆಳಗೆ ಒಂದು ಸೆಂ.ಮೀ. ಬರುತ್ತದೆ, 50ರಲ್ಲಿ 2.7. ಮಳೆಗಾಲದಲ್ಲಿ ಮೊನೆಯ ಬುಡಕ್ಕೆ ಮೆತ್ತಿದ ಕೆಮ್ಮಣ್ಣೂ ತೂಕವೇ, ಒರೆಸಿಯೇ ತೂಗು, ಒರೆಸಿಯೇ ಹೊಡೆ.

ಆಮೇಲೆ ಹಾಳೆಯ ಮೇಲೆ ಆರು ಚುಕ್ಕೆ ಹಾಕಿ, ಒಂದೊಂದು ಬಾಣಕ್ಕೆ ಒಂದೊಂದು ಚುಕ್ಕೆ, ಮೂರು ಮೂರು ಸಲ ಹೊಡೆ. ಎಲ್ಲವನ್ನೂ ಒಂದೇ ಚುಕ್ಕೆಗೆ ಹೊಡೆದರೆ ಒಂದು ಇನ್ನೊಂದರ ನಾಕ್ ಒಡೆಯುತ್ತದೆ. ಯಾವುದೋ ಒಂದು ಮೂರು ಸಲವೂ ಬಲಕ್ಕೇ ಹೋದರೆ ಕೈಯ ತಪ್ಪಲ್ಲ, ಬಾಣದ್ದು. ನಿನ್ನದು ಚಪ್ಪಟೆ ನಾಕ್ ಆದ್ದರಿಂದ ಬೇರೆ ಗರಿಯನ್ನು ರೈಲಿನ (ಬಾಣ ಮಲಗುವ ಉದ್ದ ಪಟ್ಟಿಯ) ತೋಡಿಗೆ ಕೂರಿಸಿ ಮತ್ತೆ ನೋಡು, ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಮೊನೆಯನ್ನು ಅಂಗೈಯಲ್ಲಿ ನಿಲ್ಲಿಸಿ ಬುಗುರಿಯಂತೆ ತಿರುಗಿಸು, ಕಡ್ಡಿ ನಡುಗಿದರೆ ಮೊನೆ ಓರೆಯಾಗಿದೆ ಅಥವಾ ಕಡ್ಡಿ ಬಾಗಿದೆ, ಆ ಬಾಣ ಬೇರೆ ಇಡು. ನಾಕ್ ಯಾವ ಬಗೆಯದೆಂದು ಪುಸ್ತಿಕೆ ಹೇಳುತ್ತದೋ ಅದೇ ಇರಲಿ. ಅರ್ಧಚಂದ್ರದ ನಾಕನ್ನು ಅಡ್ಡ ತಿರುಗಿಸಿ ಕೂರಿಸಿದರೆ ಹೆದೆ ಅದರ ಮೇಲೆ ಹತ್ತಿ ಜಾರುತ್ತದೆ, ಅದು ಬಾಣವಿಲ್ಲದೆ ಹೊಡೆದಂತೆಯೇ. ಪ್ರತಿ ಸಲ ಹೊಡೆಯುವ ಮೊದಲು ಕಡ್ಡಿಯನ್ನು ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿ ಕಿವಿಗೊಡು. ಕಾರ್ಬನ್ ಚಿಟಚಿಟ ಅಂದರೆ ಮುರಿದು ಎಸೆದುಬಿಡು, ಬಿರುಕಿದ್ದು ಹೊರಡುವಾಗ ಸಿಡಿದರೆ ಚೂರು ಕೈಗೇ ನಾಟುತ್ತದೆ.

ಇನ್ನು ಕೈಯಿಂದಾಗುವ ತಪ್ಪು. ಬರಿಗೈಯಲ್ಲಿ ಹೆದೆ ಎಳೆಯಬೇಡ, ಹಗ್ಗದಲ್ಲೇ ಎಳೆ. ಒಂದು ಕೈ ಜೋರು ಒಂದು ಕೈ ನಿಧಾನವಾದರೆ ಹೆದೆಯ ನಡು ಪಕ್ಕಕ್ಕೆ ಸರಿದು ಕೂರುತ್ತದೆ, ಬಾಣ ಎಡಬಲ ಹೋಗುತ್ತದೆ. ಸರ್ವಿಂಗಿನ ಮೇಲೆ ರೈಲಿನ ಎರಡೂ ಅಂಚಿಗೆ ಮಾರ್ಕರ್ ಗೆರೆ ಹಾಕಿಕೊ, ಎಳೆದ ಮೇಲೆ ಗೆರೆಗಳು ಅಂಚಿಗೇ ಇವೆಯೇ ನೋಡು. ಬಾಣವನ್ನು ಹೆದೆಗೆ ತಾಗುವವರೆಗೂ ಹಿಂದೆ ನೂಕು. ಸೈಟ್ ಮೇಲಿನ, ಮಟ್ಟ ತೋರಿಸುವ ನೀರ್ಗುಳ್ಳೆ ನಡುವೆಯೇ ಇರಲಿ: ಬಿಲ್ಲು 5 ಡಿಗ್ರಿ ವಾಲಿದರೆ 30 ಮೀಟರಲ್ಲಿ ಮೂರೂವರೆ ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 24 ಅಡಿ ವೇಗಕ್ಕೆ ದುಡ್ಡು ಸುರಿದರೂ ಸಿಗುವುದು 1.6 ಎಂದು ಈಗ ತಾನೇ ಲೆಕ್ಕ ಹಾಕಿದೆವು. ಮತ್ತೆ, ಮುಂದಿನ ಕೈಯ ಹೆಬ್ಬೆರಳು ಯಾವತ್ತೂ ರೈಲಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಹೆದೆ ಹೆಬ್ಬೆರಳನ್ನು ತೆಗೆದುಕೊಂಡು ಹೋದರೆ ಯಾವ ಡಾಕ್ಟರೂ ಹಿಂದಿನ ಹಾಗೆ ಮಾಡಿಕೊಡಲಾರರು.

ಬೇಣದ ಹುಲ್ಲುಗಾವಲ ಮೇಲಿನ ಮಣ್ಣಿನ ದರೆಗೆ ಎದುರಾಗಿಯೇ ಹೊಡೆ, ಆದರೆ ಮುಂದೆ ಹಳೆ ಬಟ್ಟೆ ಒತ್ತಿ ತುಂಬಿದ ಗೋಣಿಚೀಲ ಇರಲಿ. ಬರೀ ದರೆಗೆ ಹೊಡೆದರೆ ಒಳಗಿನ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಮೊನೆ ಮಡಚುತ್ತದೆ, ಕಡ್ಡಿ ಸೀಳುತ್ತದೆ. ಗೋಣಿ ನೆನೆದರೆ ಬಾಣ ಕೀಳುವುದೇ ಕಷ್ಟ, ಮಳೆ ಬಂದಾಗ ಒಳಗೆ ತಂದಿಡು. ಹೆದೆಯ ಎಳೆಗಳಿಗೆ ಮೇಣ ಹಚ್ಚಿ ಬೆರಳಿನಿಂದ ಉಜ್ಜು, ಸರ್ವಿಂಗಿಗೆ ಮೇಣ ಬೇಡ. ಆಟ ಮುಗಿದ ಮೇಲೆ ಏರಿಸಿದ ಹೆದೆ ಇಳಿಸಲು ಒಂದು ಹಳೆ ಬಾಣ ಇಟ್ಟುಕೊಂಡು ಗೋಣಿಗೇ ಹೊಡೆ.

ಹಂದಿ ಗದ್ದೆಗೆ ಇಳಿದರೂ ಅದರ ಕಡೆ ಬಿಲ್ಲು ಎತ್ತಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಬಾಣವೂ ಆಯುಧವೇ. ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆ ಹೋಗುವಾಗ ಗಾಡಿಯಲ್ಲೂ ಇರಬಾರದು.

ಆರೂ ಬಾಣದ ತೂಕ, ಪುಸ್ತಿಕೆಯಲ್ಲಿರುವ ಕನಿಷ್ಠ ತೂಕ, ಚಾಕುವಿನ ಬೆನ್ನ ಮೇಲೆ ನಿಂತ ಇಂಚು, ಇಷ್ಟನ್ನು ಬರೆದು ಕಳಿಸು. 125ರ ಮೊನೆ ಆರು ಬೇಕೋ, ಮೊದಲು ಮೂರೇ ಸಾಕೋ ಅದನ್ನು ನೋಡಿ ಹೇಳುತ್ತೇನೆ. ಅಮ್ಮನಿಗೆ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಮಾವ