ಭಾನುವಾರ ಕ್ಲಚ್, ಹ್ಯಾಂಡ್‌ಬ್ರೇಕ್ ಕೆಲಸ: ಹಳೆ ಕಾರಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 9ಕ್ಕೆ ಕೇಬಲ್ ಕ್ಲಚ್, ಹಿಂದೆ ಡ್ರಮ್ ಬ್ರೇಕ್ ಇರುವ ಹಳೆ ಸಣ್ಣ ಕಾರುಗಳನ್ನು ಒಟ್ಟಿಗೆ ನೋಡೋಣ.

ಹ್ಯಾಂಡ್‌ಬ್ರೇಕ್ ಲಿವರ್ ತುಂಬಾ ಮೇಲೆ ಬರುತ್ತಿದ್ದರೆ ಸುಮ್ನೆ ಕೇಬಲ್ ಬಿಗಿ ಮಾಡಬೇಡಿ. ಮೊದಲು ಡ್ರಮ್ ಬಿಚ್ಚಿ, ಶೂ (ಡ್ರಮ್ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಸವೆದಿದೆಯಾ, ಅಡ್ಜಸ್ಟರ್ (ಶೂ, ಡ್ರಮ್ ನಡುವಿನ ಅಂತರ ಹೊಂದಿಸುವ ಭಾಗ) ತುಕ್ಕು ಹಿಡಿದಿದೆಯಾ ನೋಡಬೇಕು. ಕೇಬಲ್ ಅತಿಯಾಗಿ ಎಳೆದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಡ್ರಮ್ ಕಾಯುತ್ತದೆ. ಒಳಗಿನ ದೂಳನ್ನು ಊದಬೇಡಿ, ಹಳೆ ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು.

ಕ್ಲಚ್ ಪೆಡಲ್‌ಗೆ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುವಾಗುವ ಮೊದಲು ಪೆಡಲ್ ಸಡಿಲವಾಗಿ ಚಲಿಸುವ ಅಂತರ) ಇಲ್ಲದಿದ್ದರೆ ಕ್ಲಚ್ ಜಾರುತ್ತದೆ, ಜಾಸ್ತಿ ಇದ್ದರೆ ಗೇರ್ ಬೀಳುವಾಗ ಗರಗರ ಅನ್ನುತ್ತದೆ.

ಜ್ಯಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್), ಮುಂದಿನ ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು ತನ್ನಿ. ಬರೀ ಜ್ಯಾಕ್ ಮೇಲಿರುವ ಕಾರಿನ ಕೆಳಗೆ ಯಾರೂ ಹೋಗಬಾರದು, ದಯವಿಟ್ಟು.

ಬರುವವರು ಮಾಡೆಲ್, ವರ್ಷ, ತೊಂದರೆ ಏನು ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ.