ಕಾಕಾನ ಮನೆಗೆ ಒಮ್ಮೆ ಹೋಗಿ ಬನ್ನಿ

ಮಸ್ಕತ್

ಪ್ರೀತಿಯ ಅಪ್ಪಾಜಿಗೆ, ಅವ್ವನಿಗೆ,

ಕರ್ತನಲ್ಲಿ ವಂದನೆಗಳು. ನಾನು ಆರಾಮಾಗಿದ್ದೇನೆ. ಅವ್ವ ಕಳಿಸಿದ ಶೇಂಗಾ ಚಟ್ನಿ ಬಂತು.

ಅಪ್ಪಾಜಿ, ಕಾಕಾನ ಸುದ್ದಿ ಎತ್ತಿದರೆ ನೀವು ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜನ ಖಣದ ಮಗ್ಗ ಮಾರಿದಾಗ ಕಾಕಾ ನಿಮ್ಮ ಪಾಲು ಪೂರ್ತಿ ಕೊಡಲಿಲ್ಲ. ಅದು ಅನ್ಯಾಯವೇ. ಆದರೆ ಗುಳೇದಗುಡ್ಡದ ಅದೇ ಚರ್ಚಿನಲ್ಲಿ ನೀವು ಮುಂದೆ, ಅವರು ಹಿಂದೆ. ಆರಾಧನೆ ಮುಗಿಯುತ್ತಲೇ ನೀವು ಪಕ್ಕದ ಬಾಗಿಲಿಂದ ಹೊರಗೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವುದಕ್ಕೂ ಅವರು ವಾಪಸ್ ಹೋಗಿ ಕೂತ ಮೇಲೆಯೇ ನೀವು ಏಳುವುದು.

ಹೋದ ಶುಕ್ರವಾರ ಇಲ್ಲಿ ಮಸ್ಕತ್ತಿನ ರುವಿಯ ಚರ್ಚಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಓದಿದರು. ಇಲ್ಲಿ ಆರಾಧನೆ ಶುಕ್ರವಾರವೇ ಅಲ್ವಾ. ಆ ಅಧ್ಯಾಯ ಅಂದರೆ ನಮಗೆಲ್ಲ ಏಳೆಪ್ಪತ್ತು ಸಾರಿ ಕ್ಷಮಿಸುವ ಮಾತೇ ನೆನಪಾಗುತ್ತದೆ. ಅದಕ್ಕೂ ಮುಂಚೆ, 15ನೇ ವಚನದಲ್ಲಿ, ತಪ್ಪು ಮಾಡಿದ ಸಹೋದರನ ಹತ್ತಿರ ನೀನೇ ಹೋಗು, ಇಬ್ಬರೇ ಇರುವಾಗ ಹೇಳು ಅಂತಿದೆ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಸಭೆಗೆ, ಅಂದರೆ ಚರ್ಚಿನವರಿಗೆಲ್ಲ, ಹೇಳುವುದು ಆಮೇಲೆ. ನಮ್ಮಲ್ಲಿ ಎಲ್ಲ ಉಲ್ಟಾ. ಇಡೀ ಸಭೆಗೆ ಗೊತ್ತು, ಹಿರಿಯರಲ್ಲೂ ಎರಡು ಪಂಗಡ. ಕಾಕಾನಿಗೆ ಮಾತ್ರ ನೀವು ಬಾಯಿಬಿಟ್ಟು ಏನೂ ಹೇಳಿಲ್ಲ.

'ಮನಸ್ಸಿನಲ್ಲಿ ಕ್ಷಮಿಸಿದ್ದೇನೆ, ಅವನ ಮುಖ ಮಾತ್ರ ಬೇಡ' ಅಂತೀರಿ. ಯೇಸುಸ್ವಾಮಿ ಅಷ್ಟಕ್ಕೇ ಬಿಡಲಿಲ್ಲವಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಮಾಧಾನ ಮಾಡಿಕೋ ಅಂದರು.

ಹೋದರೆ ದುಡ್ಡಿನ ಮಾತು ಬಿಟ್ಟ ಹಾಗೆ ಅಂತ ತಿಳಿಯಬೇಡಿ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ತಪ್ಪು ಮಾಡಿದವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತ ಎರಡೂ ಇದೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುಸ್ವಾಮಿಯ ಎದುರು, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಲೆಕ್ಕ ಕೇಳಿ, ಎದುರಿಗೆ ಕೂತು ಕೇಳಿ. ಕೋರ್ಟು ಮಾತ್ರ ಬೇಡ. ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದ್ದಕ್ಕೆ ಅಪೊಸ್ತಲ ಪೌಲ ಅವರಿಗೆ ಎಷ್ಟು ನೊಂದು ಬರೆದ, ನಿಮಗೇ ಗೊತ್ತು.

ಆ ಪೌಲನೂ ಮಾರ್ಕನನ್ನು ಪ್ರಯಾಣಕ್ಕೆ ಕರೆದುಕೊಂಡು ಹೋಗುವ ಸಲುವಾಗಿ ಜೊತೆ ಸೇವಕ ಬಾರ್ನಬನ ಹತ್ತಿರ ಜಗಳವಾಡಿ ಬೇರೆಯಾದವನೇ. ಆಮೇಲೆ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅಂತಾನೆ. ಅದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

ಚಿಗವ್ವನಿಗೆ ಮೊಣಕಾಲಿನ ಆಪರೇಷನ್ ಆಗಿದೆಯಂತೆ. ನೋಡಲು ಹೋಗಿ. ಅವ್ವ ಒಳಗೆ ಅವರ ಹತ್ತಿರ ಕೂತಿರಲಿ, ನೀವಿಬ್ಬರೇ ಪಡಸಾಲೆಯಲ್ಲಿ ಮಾತಾಡಿ. ಹಿರಿಯರನ್ನು ಈಗಲೇ ಕರೆಯಬೇಡಿ. ಬಂದ ಮೇಲೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ.

ನಿಮ್ಮ ಮಗಳು